ಇಲಿ ಇಲ್ಲದ ಮನೆ

ಲಕ್ಕವಳ್ಳಿಯ ಪ್ರತಿ ಕೇರಿಯೂ ನನಗೆ ಗೊತ್ತಾದದ್ದು ಮನೆ ಹುಡುಕುತ್ತ. ಅಲ್ಲಿನ ಪ್ರೈಮರಿ ಶಾಲೆಗೆ ನನ್ನನ್ನು ಮೇಷ್ಟರಾಗಿ ಹಾಕಿದ್ದರು. ಒಂಟಿ ಗಂಡಸು ಶಾಲೆಯ ಜಗುಲಿಯ ಮೇಲೆ ಮಲಗಿ, ತಿಂಗಳ ಲೆಕ್ಕದಲ್ಲಿ ಯಾರ ಮನೆಯಲ್ಲಾದರೂ ಉಂಡು ಕಾಲ ಹಾಕಬಹುದಿತ್ತು. ನನಗೆ ಹಾಗೆ ಮಾಡುವಂತಿರಲಿಲ್ಲ. ನನ್ನ ಮಗಳು ಅಜ್ಜಂಪುರದಲ್ಲಿ ನನ್ನ ಅತ್ತೆಯ ಮನೆಯಲ್ಲಿದ್ದಳು. ಅವಳಿಗೆ ಎರಡು ತುಂಬಿತ್ತು, ಮೂರು ಆಗಿರಲಿಲ್ಲ. ಅವಳ ತಾಯಿ ಹಿಂದಿನ ವರ್ಷ ಕಡೂರಿನಲ್ಲಿ ಪ್ಲೇಗು ಬಂದು ತೀರಿಕೊಂಡಿದ್ದಳು.

ಕೆಲಸಕ್ಕೆ ಹೊರಡುವ ಮುಂಚೆ ಅಜ್ಜಂಪುರಕ್ಕೆ ಹೋಗಿದ್ದೆ. ಅತ್ತೆ ಮಗುವನ್ನು ಸೊಂಟದಿಂದ ಇಳಿಸದೆಯೇ ಮಾತಾಡಿದರು.

"ಅಳಿಯಂದ್ರೇ, ಗಂಡಸು ಹೆಣ್ಣುಮಗೂನ ಸಾಕಿದ್ದು ನಾನೆಲ್ಲೂ ಕಂಡಿಲ್ಲ. ನಿಮ್ಮವ್ವ ಜೊತೇಲಿರ್ತಾರೆ ಅಂತೀರಿ, ಸರಿ. ಇರಕ್ಕೆ ಮನೆ ಎಲ್ಲೈತೆ? ದೀಪಾವಳಿ ಹೊತ್ಗೆ ಒಂದು ಮನೆ ಮಾಡಿ. ನಾನೇ ಬಂದು ನೋಡ್ತೀನಿ. ನನ್ ಮನ್ಸಿಗೆ ಬಂದ್ರೆ ಮಗೂನ ಬಿಟ್ಟು ಬತ್ತೀನಿ. ಇಲ್ದಿದ್ರೆ ಅದು ಇಲ್ಲೇ ಬೆಳೀಲಿ. ಆಮೇಲೆ ಕೇಳಬಾರ್ದು."

ಮಾವ ಪಕ್ಕದಲ್ಲೇ ಹಗ್ಗ ಹೊಸೆಯುತ್ತ ಕೂತಿದ್ದರು. ತಲೆಯೆತ್ತಲಿಲ್ಲ. ಅತ್ತೆಯ ಮಾತಿನಲ್ಲಿ ಕೆಡುಕಿರಲಿಲ್ಲ. ಮಗಳನ್ನು ಕಳೆದುಕೊಂಡವರು ಮಗಳ ಮಗಳನ್ನು ಸುಲಭಕ್ಕೆ ಬಿಡುವುದಿಲ್ಲ. ಆದರೆ ಆ ಮನೆಯಲ್ಲೇ ಬೆಳೆದರೆ ಅವಳು ನನ್ನನ್ನು ಹಬ್ಬಕ್ಕೆ ಬಂದು ಹೋಗುವ ನೆಂಟನೆಂದು ತಿಳಿಯುತ್ತಾಳೆ. ಅದು ಆಗಕೂಡದು ಎಂದು ಅಲ್ಲೇ, ಆ ಪಡಸಾಲೆಯಲ್ಲೇ ತೀರ್ಮಾನ ಮಾಡಿಕೊಂಡೆ.

ತರೀಕೆರೆಯಲ್ಲಿ ರೈಲು ಇಳಿದು ಗಾಡಿಯಲ್ಲಿ ಲಕ್ಕವಳ್ಳಿಗೆ ಬಂದಾಗ ಗೌರಿ ಹಬ್ಬ ಕಳೆದಿತ್ತು. ಭದ್ರಾ ಹೊಳೆ ಇನ್ನೂ ಕೆಂಪಾಗಿ ತುಂಬಿ ಹರಿಯುತ್ತಿತ್ತು. ನಾನು ಚೌಳಹಿರಿಯೂರಿನ ಕಡೆಯವನು. ನಮ್ಮದು ರಾಗಿ ಹೊಲ, ತೆಂಗಿನ ತೋಟ. ನೀರೆಂದರೆ ಬಾವಿಯಲ್ಲಿ ಇಣುಕಿ ನೋಡಬೇಕಾದ ವಸ್ತು. ಅಷ್ಟು ನೀರು ಯಾರಿಗೂ ಬೇಡವಾದಂತೆ ಊರಿನ ಪಕ್ಕದಲ್ಲಿ ಹೋಗುತ್ತಿದ್ದುದನ್ನು ಮೊದಲ ದಿನ ಬಹಳ ಹೊತ್ತು ನೋಡುತ್ತ ನಿಂತಿದ್ದೆ.

ಶಾಲೆ ಬಿಟ್ಟ ಮೇಲೆ ಪ್ರತಿ ಸಂಜೆ ಒಂದೊಂದು ಕೇರಿಗೆ ಹೋಗುತ್ತಿದ್ದೆ. ಪೇಟೆ ಬೀದಿಯಲ್ಲಿ ಅಂಗಡಿಗಳ ಹಿಂದೆಯೇ ಮನೆಗಳು. ಕೋಟೆ ಕೇರಿಯಲ್ಲಿ ಕೋಟೆ ಇರಲಿಲ್ಲ. ಮಣ್ಣಿನ ದಿಬ್ಬವೊಂದು ಉಳಿದಿತ್ತು, ಅದರ ಮೇಲೆ ಆಡು ಮೇಯುತ್ತಿದ್ದವು. ಹೊಳೆ ಬೀದಿ ನೇರವಾಗಿ ನೀರಿಗಿಳಿಯುತ್ತಿತ್ತು. ಅದರ ಪಕ್ಕಕ್ಕೆ ದೋಣಿಯವರ ಕೇರಿ. ಊರಾಚೆಯ ಹೊಲಗಳಲ್ಲಿ ಕೆತ್ತನೆಯ ಕಂಬಗಳೂ ತಲೆ ಹೋದ ಜಿನಮೂರ್ತಿಯೊಂದೂ ಬಿದ್ದಿದ್ದವು. ಹಿಂದೆ ಅಲ್ಲಿ ದೊಡ್ಡ ಪಟ್ಟಣವಿತ್ತಂತೆ. ಉಳುವಾಗ ನೇಗಿಲಿಗೆ ಸಿಕ್ಕಿದ ಇಟ್ಟಿಗೆಯನ್ನು ಜನ ತಂದು ಕೊಟ್ಟಿಗೆಯ ನೆಲಕ್ಕೆ ಹಾಕಿಕೊಂಡಿದ್ದರು. ಆ ಪಟ್ಟಣ ಏನಾಯಿತು ಎಂದು ಉಳುತ್ತಿದ್ದವನೊಬ್ಬನನ್ನು ಕೇಳಿದೆ.

"ಬಿಟ್ಟು ಹೋದ್ರು," ಎಂದ.

"ಯಾಕೆ?"

"ಯಾಕೆ ಅಂತ ಹೇಳೋರೂ ಅವ್ರ ಜೊತೇಲೇ ಹೋದ್ರಲ್ಲ ಮೇಷ್ಟ್ರೇ."

ಬಾಡಿಗೆಗೆ ಮನೆಗಳಿದ್ದವು. ತೊಂದರೆ ಇದ್ದದ್ದು ನನ್ನಲ್ಲಿ. ಬೇರೆಯವರು ಬಾವಿ ಎಷ್ಟು ದೂರ, ಒಲೆ ಯಾವ ದಿಕ್ಕಿಗೆ ಎಂದು ನೋಡುತ್ತಾರೆ. ನಾನು ಗೋಡೆಯ ಬುಡ ನೋಡುತ್ತಿದ್ದೆ. ಒರಳುಕಲ್ಲು ಸರಿಸಿ ನೋಡುತ್ತಿದ್ದೆ. ಕಣಜದ ಹಿಂದೆ ಕೋಲು ಹಾಕಿ ಕೆದಕುತ್ತಿದ್ದೆ. ಅಟ್ಟ ಹತ್ತಿ ಮೂಲೆಮೂಲೆಯನ್ನು ಕೈಯಿಂದ ಸವರಿ, ಬೆರಳು ಮೂಸಿ ನೋಡುತ್ತಿದ್ದೆ. ಪೇಟೆ ಬೀದಿಯ ಮನೆಯ ಹಿಂಗೋಡೆಗೆ ಆಚೆ ಅಂಗಡಿಯವನ ಅಕ್ಕಿ ಮೂಟೆಗಳಿದ್ದವು. ಗೋಡೆಯ ಬುಡದಲ್ಲಿ ಮುಷ್ಟಿ ಹೋಗುವಷ್ಟು ಬಿಲ. ಬೇಡವೆಂದೆ. ಕೋಟೆ ಕೇರಿಯ ಮನೆಯ ಅಟ್ಟದ ತುಂಬ ಭತ್ತ. ನಾನು ಅಟ್ಟದಿಂದ ಇಳಿಯುತ್ತಿದ್ದಂತೆ ಮನೆಯೊಡತಿ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು:

"ಏನ್ ಮೇಷ್ಟ್ರೇ, ಮನೆ ನೋಡಕ್ಕೆ ಬಂದ್ರೋ, ಕದ್ದ ಮಾಲು ಹುಡುಕಕ್ಕೆ ಬಂದ್ರೋ?"

"ಇಲಿ ಇದೆಯಾ ಅಂತ ನೋಡಿದೆ ತಾಯಿ."

"ಇಲಿ ಇಲ್ದಿರೋ ಮನೆ ಬೇಕಾ ನಿಮ್ಗೆ?" ಅವಳು ಬೀದಿಗೆ ಕೇಳುವಂತೆ ನಕ್ಕಳು. "ಮನೇಲಿ ಇಲಿ ಇಲ್ಲ ಅಂದ್ರೆ ಕಾಳಿಲ್ಲ ಅಂತ ಕಣ್ರೀ. ಅಂಥ ಮನೆಗೆ ನಾಯೀನೂ ಬರಲ್ಲ, ನೆಂಟ್ರೂ ಬರಲ್ಲ!"

ಮರುದಿನದಿಂದ ನಾನು ಇಲಿ ಮೇಷ್ಟರಾದೆ. ಶಾಲೆಗೆ ಹೋಗುವಾಗ ಕಟ್ಟೆಯ ಮೇಲೆ ಕೂತವರು, "ಇವತ್ ಯಾವ್ ಬಿಲಕ್ಕೆ ಸವಾರಿ?" ಎಂದು ಕೇಳುತ್ತಿದ್ದರು. ನನಗೆ ಸಿಟ್ಟು ಬರುತ್ತಿರಲಿಲ್ಲ. ಅವರಿಗೆ ನಾನು ಕಡೂರಿನದನ್ನು ಹೇಳಿರಲಿಲ್ಲ.

ಅದನ್ನು ಇಲ್ಲಿ ಹೇಳುತ್ತೇನೆ. ಆಗ ನಾವಿದ್ದ ಕಡೂರಿನಲ್ಲಿ ಇಲಿ ಸತ್ತು ಬೀಳತೊಡಗಿದ ಕೂಡಲೇ ನಾವು ಮನೆ ಬಿಟ್ಟೆವು. ಎಲ್ಲರೂ ಬಿಟ್ಟರು. ತಡ ಮಾಡಲಿಲ್ಲ, ಹುಡುಗಾಟ ಮಾಡಲಿಲ್ಲ. ಊರ ಹೊರಗೆ ಹೊಲದಲ್ಲಿ ತೆಂಗಿನ ಗರಿಯ ಗುಡಿಸಲು ಹಾಕಿಕೊಂಡೆವು. ಪಾತ್ರೆ ತಂದೆವು, ಬಟ್ಟೆ ಕುದಿಸಿ ತಂದೆವು. ಹಾಗೆಯೇ ರಾಗಿ ಮೂಟೆಗಳನ್ನೂ ತಂದೆವು. ನಮ್ಮ ಸಾಲಿನ ಪ್ರತಿ ಗುಡಿಸಲಿನಲ್ಲೂ ತಲೆಯ ಹತ್ತಿರ ಒಂದೆರಡು ಮೂಟೆ ಇದ್ದವು. ಬಯಲುಸೀಮೆಯ ಜನ ಏನು ಬಿಟ್ಟರೂ ರಾಗಿ ಬಿಟ್ಟು ಹೋಗುವುದಿಲ್ಲ. ಹೋಗಬಹುದು ಎಂಬ ಯೋಚನೆಯೇ ನಮಗೆ ಬರಲಿಲ್ಲ. ಹೆಂಡತಿ ಒಂದು ಬೆಳಿಗ್ಗೆ ಬೀಸುವುದಕ್ಕೆಂದು ಮೂಟೆ ಬಿಚ್ಚಿ ಕೈ ಹಾಕಿದಳು. ಒಳಗೆ ಸತ್ತ ಇಲಿ ಇತ್ತು. ಅವಳು ಕೈ ತೊಳೆದುಕೊಂಡು ಬಂದು ನನಗೆ ಹೇಳಿದಳು. ನಾವಿಬ್ಬರೂ ಮೂಟೆಯನ್ನು ಎಳೆದುಕೊಂಡು ಹೋಗಿ ಸುಟ್ಟೆವು. ಆ ವಾರ ಮುಗಿಯುವುದರೊಳಗೆ ಅವಳಿಗೆ ಜ್ವರ ಬಂತು, ತೊಡೆಯ ಸಂದಿಯಲ್ಲಿ ಗಡ್ಡೆ ಎದ್ದಿತು. ಕಾಯಿಲೆ ತರುವುದು ಇಲಿಯ ಮೈಮೇಲಿನ ಚಿಗಟ, ಸತ್ತ ಇಲಿಯನ್ನು ಬಿಟ್ಟು ಅದು ಮನುಷ್ಯರ ಮೈಗೆ ಹಾರುತ್ತದೆ ಎಂದು ಪ್ಲೇಗಿನ ಡಾಕ್ಟರು ಆಮೇಲೆ ಹೇಳಿದರು. ಮನೆ ಬಿಟ್ಟಿದ್ದೆವು, ಮನೆಯಲ್ಲಿ ಯಾವುದರಿಂದ ಓಡಿ ಬಂದೆವೋ ಅದನ್ನೇ ಮೂಟೆಯೊಳಗೆ ಬಾಯಿ ಕಟ್ಟಿ ಜೊತೆಗೆ ಹೊತ್ತು ತಂದಿದ್ದೆವು.

ಮಹಾನವಮಿ ಹತ್ತಿರವಾಗುವ ಹೊತ್ತಿಗೆ ನಾನು ಬಾಗಿಲು ತಟ್ಟದ ಮನೆ ಊರಿನಲ್ಲಿ ಒಂದೇ ಉಳಿದಿತ್ತು. ಹೊಳೆ ಬೀದಿಯ ಕೊನೆಯದು. ಅದರ ಮಾಡಿನ ನಡುವೆ ಹಾಸುಗಂಬಳಿಯಷ್ಟು ಅಗಲಕ್ಕೆ ಹೆಂಚಿರಲಿಲ್ಲ. ಪ್ಲೇಗಿನ ಸಾವಾದ ಮನೆಗಳ ಹೆಂಚನ್ನು ಒಳಗೆ ಬಿಸಿಲು ಬೀಳಲೆಂದು ಸರ್ಕಾರದವರು ತೆಗೆಸುತ್ತಿದ್ದರು. ಆ ತೂತು ನೋಡಿಯೇ ಎಂಥ ಮನೆಯೆಂದು ತಿಳಿಯುತ್ತಿತ್ತು. ಜನ ಆ ಮನೆಯ ಎದುರು ಬಂದಾಗ ಬೀದಿಯ ಆಚೆ ಬದಿಗೆ ಸರಿದು ನಡೆಯುತ್ತಿದ್ದರು. ನಾನೂ ಸರಿಯುತ್ತಿದ್ದೆ.

ಒಂದು ಸಂಜೆ ಸರಿಯಲಿಲ್ಲ. ಬಾಗಿಲಿಗೆ ಅಡ್ಡಲಾಗಿ ಇಟ್ಟಿದ್ದ ಮುಳ್ಳು ತೆಗೆದು ಒಳಗೆ ಹೋದೆ. ಎಂದಿನಂತೆ ಗೋಡೆಯ ಬುಡದಿಂದ ಶುರುಮಾಡಿದೆ. ನೆಲವನ್ನು ಅಗೆದು ಸುಣ್ಣ ಬೆರೆಸಿ ದಿಮ್ಮಿಸಿದ್ದರು. ಬಿಲಗಳಿಗೆ ಕಲ್ಲಿನ ಚೂರು ಜಡಿದು ಮೆತ್ತಿದ್ದರು. ಅಟ್ಟದಲ್ಲಿ ಒಂದು ಹಿಕ್ಕೆ ಇರಲಿಲ್ಲ, ಒಂದು ಕಾಳು ಇರಲಿಲ್ಲ. ಹೆಂಚಿಲ್ಲದ ಕಡೆ ಮಳೆ ಬಿದ್ದು ಒಲೆಯ ಪಕ್ಕದಲ್ಲಿ ಹುಲ್ಲು ಬೆಳೆದಿತ್ತು. ಊರೆಲ್ಲ ಸುತ್ತಿ ನಾನು ಹುಡುಕುತ್ತಿದ್ದ ಮನೆ ಇದೇ. ಸ್ವಲ್ಪ ಹೊತ್ತು ಆ ಹುಲ್ಲಿನ ಪಕ್ಕದಲ್ಲಿ ಕೂತೆ. ಆಮೇಲೆ ಎದ್ದು ಇನ್ನೊಂದು ಸಲ ಎಲ್ಲ ಮೂಲೆಗಳನ್ನೂ ನೋಡಿದೆ.

ಮನೆ ಒಬ್ಬ ಅಜ್ಜಿಯದು. ಮಗ ಸೊಸೆ ಇಬ್ಬರೂ ಅದೇ ಮನೆಯಲ್ಲಿ ತೀರಿಕೊಂಡ ಮೇಲೆ ಹೊಳೆಯ ಆಚೆ ದಡದ ಹಳ್ಳಿಯಲ್ಲಿ ತಂಗಿಯ ಮನೆಗೆ ಸೇರಿದ್ದಳು. ದೋಣಿಯಲ್ಲಿ ದಾಟಿ ಹೋದೆ. ಅವಳು ನೀರಿನ ಬಳಿ ಬಟ್ಟೆ ಒಗೆಯುತ್ತಿದ್ದಳು. ಅಲ್ಲಿಂದ ನೋಡಿದರೆ ಅವಳ ಮನೆಯ ಮಾಡಿನ ತೂತು ಸರಿಯಾಗಿ ಕಾಣುತ್ತಿತ್ತು.

"ಇಲಿ ಮೇಷ್ಟ್ರು ನೀವೇನಾ?" ಎಂದಳು. ಸುದ್ದಿ ಹೊಳೆ ದಾಟಿತ್ತು.

"ಹೌದಜ್ಜಿ. ನನ್ನ ಮಗೂನ ಕರ್ಕೊಂಡು ಬರ್ಬೇಕು, ನಿಮ್ಮ ಮನೆ ಬಾಡಿಗೆಗೆ ಬೇಕು."

ಅವಳು ಹಿಂಡುತ್ತಿದ್ದ ಸೀರೆಯನ್ನು ಕಲ್ಲಿನ ಮೇಲಿಟ್ಟಳು. "ಅಲ್ಲಿ ಏನಾಗೈತೆ ಗೊತ್ತೇನಪ್ಪಾ?"

"ಗೊತ್ತು. ನನ್ನ ಹೆಂಡ್ತಿಗೂ ಅದೇ ಆಗಿದ್ದು."

ಅವಳು ನನ್ನನ್ನು ಸರಿಯಾಗಿ ನೋಡಿದ್ದು ಆಗ. "ಬಿಸ್ಲು ಬೀಳ್ಲಿ ಅಂತ ಹೆಂಚು ತೆಗೆಸಿದ್ರು. ಬಿಸ್ಲೂ ಬಿತ್ತು, ಮಳೇನೂ ಬಿತ್ತು. ತಿರುಗಾ ಹಾಕೋರು ಯಾರೂ ಬರ್ಲಿಲ್ಲ. ಬಾಡಿಗೆ ಮಾತು ಹಂಗಿರ್ಲಿ, ಮೊದ್ಲು ಹಸ ಕರು ಒಳಗೋಗ್ಬೇಕು. ಹಸ ಹೊಕ್ದಿರೋ ಮನೆಗೆ ಮಗೂನ ಕಳ್ಸಲ್ಲ ನಾನು. ಎರಡು ಕಂಡಿದೀನಿ. ಇನ್ನೊಂದು ನನ್ ತಲೆ ಮ್ಯಾಲೆ ಬ್ಯಾಡ. ಊರೆಲ್ಲ ಕೇಳ್ದೆ, ಆ ಮನೆಗೆ ಅಂತಂದ್ರೆ ಒಬ್ರೂ ಹಸ ಕೊಡ್ಲಿಲ್ಲ."

ಹೊಸ ಮನೆಗೆ ಮೊದಲು ಹಸು ಕರುವನ್ನು ಹೊಗಿಸುವುದು ನಮ್ಮಲ್ಲೂ ಇದೆ. ನನ್ನ ನಂಬಿಕೆ ಸುಣ್ಣದ ಮೇಲೆ, ಬಿಸಿಲಿನ ಮೇಲೆ. ಆದರೆ ಮನೆ ಅಜ್ಜಿಯದು. ಅತ್ತೆಯೂ ಬಂದ ಕೂಡಲೇ ಮೊದಲು ಕೇಳುವುದು ಇದನ್ನೇ. ಹಸು ತರುತ್ತೇನೆ ಎಂದು ಹೇಳಿ ದೋಣಿ ಹತ್ತಿದೆ.

ಮತ್ತೆ ಕೇರಿ ಕೇರಿ ಅಲೆದೆ. ಊರು ಸಾಲದೆ ಸುತ್ತಲಿನ ಹಳ್ಳಿಗಳಿಗೂ ಹೋದೆ. ಕೋಟೆ ಕೇರಿಯ ಗೌಡರು ನನ್ನನ್ನು ಕೂರಿಸಿ ಮಜ್ಜಿಗೆ ಕೊಟ್ಟರು. "ಹಸ ತಾನೆ? ಕೊಡಾನ. ಆದ್ರೆ ನಮ್ ಹಸೀಗೆ ಹೊಳೆ ಗಾಳಿ ಆಗಲ್ಲ ಕಣ್ರೀ, ನೆಗಡಿ ಬತ್ತದೆ," ಎಂದರು. ದಿನವೂ ಅವರ ಹಸು ಹೊಳೆಯಲ್ಲೇ ಮೈ ತೊಳೆಸಿಕೊಳ್ಳುವುದನ್ನು ನಾನು ನೋಡುತ್ತಿದ್ದೆ. ಇನ್ನೊಬ್ಬರ ಹಸು ಗಬ್ಬವಾಗಿತ್ತು. ಮತ್ತೊಬ್ಬರದು ಹಾಯುತ್ತಿತ್ತು. ಕಟ್ಟೆಯವರು, "ಇಲಿ ಮುಗೀತು, ಈಗ ಹಸ. ಮುಂದೆ ಆನೆ ಕೇಳ್ತಾರೆ ನೋಡ್ತಿರು," ಎಂದು ನಕ್ಕರು.

ಕೊನೆಗೆ ದೋಣಿಯವರ ಕೇರಿಯಲ್ಲಿ ಕರು ಹಾಕಿದ ಹಸುವೊಂದು ಕಂಡಿತು. ಅದರ ಒಡತಿ ನೆಪ ಹೇಳಲಿಲ್ಲ. ಬಾಗಿಲಲ್ಲೇ ನಿಂತು ಕೇಳಿದಳು:

"ನಿಜ ಹೇಳಿ ಮೇಷ್ಟ್ರೇ. ನಿಮ್ ಹಸ ಆಗಿದ್ರೆ ಕೊಡ್ತಿದ್ರಾ?"

ಊರಿನ ನಮ್ಮ ಮನೆಯಲ್ಲಿ ಹಸು ಇತ್ತು. ಆಷಾಢದಲ್ಲಿ ಕರು ಹಾಕಿತ್ತು. ಇಷ್ಟು ದಿನ ಅದು ನನ್ನ ತಲೆಗೆ ಬಂದಿರಲಿಲ್ಲ. ಬೇರೆಯವರ ಹಸುವನ್ನು ಒಳಗೆ ನುಗ್ಗಿಸಲು ಹೊರಟಿದ್ದೆ.

"ಕೊಡ್ತೀನಮ್ಮ," ಎಂದೆ. "ತರ್ತೀನಿ."

ಹೆಂಚು ಹೊದಿಸಲು ಆಳು ಕರೆದರೆ, ಹಸು ಹೋಗಲಿ, ಆಮೇಲೆ ಹತ್ತುತ್ತೇನೆ ಎಂದ. ನಾನೇ ಹತ್ತಿದೆ. ತೆಗೆದ ಹೆಂಚು ಹಿತ್ತಲಿನಲ್ಲಿ ಒಟ್ಟಿತ್ತು. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವುದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ಮೇಷ್ಟರು ಯಾವಾಗ ಬೀಳುತ್ತಾರೆಂದು ನೋಡಲು ಬೀದಿಯ ಆಚೆ ಬದಿಯಲ್ಲಿ ಜನ ಸೇರಿದರು. ಬೀಳಲಿಲ್ಲ. ಒಂದು ಬೆಳಕಿಂಡಿಯಷ್ಟು ಜಾಗ ಬಿಟ್ಟು ಉಳಿದದ್ದನ್ನು ಮುಚ್ಚಿದೆ. ದೀಪಾವಳಿಯ ಮುನ್ನಾ ದಿನ ಬರಬೇಕೆಂದು ಅಜ್ಜಂಪುರಕ್ಕೆ ಕಾಗದ ಹಾಕಿ, ರಜೆ ತೆಗೆದುಕೊಂಡು ಊರಿಗೆ ಹೋದೆ.

ಅವ್ವನಿಗೆ ಏನನ್ನೂ ಮುಚ್ಚಿಡಲಿಲ್ಲ. ಅವಳು ಕರುವಿನ ಮೈ ಉಜ್ಜುತ್ತ ಎಲ್ಲ ಕೇಳಿಸಿಕೊಂಡು ಹೇಳಿದಳು:

"ನಿನ್ ಹೆಂಡ್ತಿ ಹೋಗಿದ್ದು ಗುಡಿಸ್ಲಲ್ಲಿ. ಗುಡಿಸ್ಲು ಸುಟ್ವಿ. ಮನೇನ ಸುಡಕ್ಕಾಯ್ತದೇನೋ? ಯಾರಾನ ಹೊಕ್ಲೇಬೇಕು. ಹಸ ನಂದು, ನಾನೇ ಹೊಡ್ಕಂಡ್ ಬತ್ತೀನಿ ನಡಿ. ಅದು ನಿನ್ ಮಾತು ಕೇಳಲ್ಲ."

ಆದರೆ ಬೆಳಿಗ್ಗೆ ಗಾಡಿ ನೋಡಿದರೆ ಅದರಲ್ಲಿ ಎರಡು ಮೂಟೆ ರಾಗಿ ಇತ್ತು. ಇಳಿಸಿದೆ. ಅವ್ವ ಅಣ್ಣನ ಕೈಯಲ್ಲಿ ಮತ್ತೆ ಹೇರಿಸಿದಳು.

"ಬ್ಯಾಡ ಅವ್ವ."

"ಆ ಭತ್ತದೂರಲ್ಲಿ ಮಗೀಗೆ ಅಂಬಲಿ ಯಾರ್ ಕಾಸ್ತಾರೆ, ನಿಮ್ ಅಮಲ್ದಾರ್ರಾ? ಸೋಸಿ ತುಂಬಿದೀನಿ ಕಣೋ."

"ಅವತ್ತೂ ಸೋಸೇ ತುಂಬಿದ್ದಲ್ವಾ?"

ಅವಳು ಮೂಟೆಯ ಬಾಯಿ ಮುಟ್ಟಿ ನೋಡಿದಳು. ಕೊನೆಗೆ, "ಊರು ಹೊಗೋಕ್ ಮುಂಚೆ ಹೊಳೆ ದಂಡೇಲಿ ಸುರುವಿ ನೋಡು. ಒಂದೊಂದು ಕಾಳೂ ನೋಡು. ಆದ್ರೆ ಬಿಟ್ಟು ಬಾ ಅನ್ಬ್ಯಾಡ," ಎಂದಳು. ಒಪ್ಪಿಕೊಂಡೆ.

ಗಾಡಿಯ ಹಿಂದೆ ಹಸು, ಹಸುವಿನ ಪಕ್ಕ ಕರು, ಕರುವಿನ ಹಿಂದೆ ನಾನು. ಕರು ಸೋತಾಗ ಗಾಡಿಗೆ ಹಾಕಿಕೊಳ್ಳುತ್ತಿದ್ದೆವು. ಆಗ ಹಸು ಗಾಡಿಗೆ ಮೂತಿ ತಾಗಿಸಿಕೊಂಡು ನಡೆಯುತ್ತಿತ್ತು. ಕಡೂರಿನ ಹೊರಗೆ ಗುಡಿಸಲುಗಳಿದ್ದ ಹೊಲ ದಾರಿಯ ಪಕ್ಕಕ್ಕೇ ಬರುತ್ತದೆ. ಅಲ್ಲಿ ಹುರುಳಿ ಬೆಳೆದಿತ್ತು. ಹಸು ಅದಕ್ಕೆ ಬಾಯಿ ಹಾಕಲು ನಿಂತಿತು. ಅವ್ವ ಗಾಡಿಯಿಂದ ಇಳಿದು ಬಂದು ಹಗ್ಗ ಹಿಡಿದು ಎಳೆದಳು. ಬೀರೂರು ದಾಟುವವರೆಗೂ ಅವಳು ಗಾಡಿ ಹತ್ತಲಿಲ್ಲ.

ಲಕ್ಕವಳ್ಳಿ ಮುಟ್ಟಿದಾಗ ಹೊಳೆಯ ನೀರು ತಿಳಿಯಾಗಿತ್ತು. ನದಿಗೆ ಇಳಿಯುವ ಕಡೆ ಚಪ್ಪಟೆ ಬಂಡೆಯೊಂದಿದೆ. ಅದರ ಮೇಲೆ ಹೊಸ ಚಾಪೆಗಳನ್ನು ಹಾಸಿ, ಮೂಟೆಗಳ ಬಾಯಿ ಬಿಚ್ಚಿ, ದೂರ ನಿಂತು ಕೋಲಿನಿಂದ ಉರುಳಿಸಿ ಸುರಿದೆ. ರಾಗಿ ಬಿಸಿಲಿನಲ್ಲಿ ಹರಡಿತು. ಊರಿಗೆ ಊರೇ ದಂಡೆಯ ಮೇಲಿತ್ತು.

"ಇಲಿ ಮೇಷ್ಟ್ರು ರಾಗಿ ಒಳಗೂ ಇಲಿ ಹುಡುಕ್ತಾವ್ರೆ ನೋಡ್ರೋ!"

ಎಲ್ಲರೂ ನಕ್ಕರು. ಆ ನಗುವಿನ ನಡುವೆಯೇ ತರೀಕೆರೆಯ ದಾರಿಯಿಂದ ಅತ್ತೆಯ ಗಾಡಿ ಬಂತು. ಮಗಳು ಅತ್ತೆಯ ತೊಡೆಯ ಮೇಲಿದ್ದಳು. ನನ್ನನ್ನು ನೋಡಿ ಮುಖ ತಿರುಗಿಸಿ ಅತ್ತೆಯ ಸೆರಗಿನೊಳಗೆ ಹೊಕ್ಕಳು. ಗುರುತು ಹತ್ತಿರಲಿಲ್ಲ.

"ಇದೇನ್ ಅಳಿಯಂದ್ರೇ? ಇವ್ರೆಲ್ಲ ಯಾಕ್ ನಗ್ತಾವ್ರೆ?"

ಹೇಳಿದೆ. ಯಾವ ಮನೆ, ಅಲ್ಲಿ ಎಷ್ಟು ಜನ ಸತ್ತರು, ಹೆಂಚು ಯಾಕೆ ತೆಗೆದಿದ್ದರು, ನೆಲ ಹೇಗಿದೆ, ಹಸು ಯಾಕೆ ತಂದೆವು, ಈ ರಾಗಿ ಯಾಕೆ ಸುರಿದಿದೆ, ಎಲ್ಲವನ್ನೂ ಒಂದರ ಮೇಲೊಂದು ಹೇಳಿದೆ. ಬಿಟ್ಟು ಹೇಳಿದ್ದರೆ ಸುಲಭವಾಗುತ್ತಿತ್ತು. ಆದರೆ ಮಗುವನ್ನು ಅರ್ಧ ಮಾತಿನ ಮೇಲೆ ಪಡೆಯುವುದು ನನಗೆ ಬೇಕಿರಲಿಲ್ಲ. ಮೂಟೆಯ ವಿಷಯ ಬಂದಾಗ ಅತ್ತೆಯ ಮುಖ ಬೇರೆಯಾಯಿತು. ತಮ್ಮ ಮಗಳು ಯಾವ ರೀತಿ ಸತ್ತಳೆಂದು ಅವರಿಗೆ ಯಾರೂ ಅಲ್ಲಿಯವರೆಗೆ ಪೂರ್ತಿ ಹೇಳಿರಲಿಲ್ಲ.

ಅವರು ಮಗುವನ್ನು ಅವ್ವನ ಕೈಗೆ ಕೊಟ್ಟರು. ಬಂಡೆಯ ಹತ್ತಿರ ಹೋಗಿ ಮೊಣಕಾಲೂರಿ ಕೂತು, ಎರಡೂ ಕೈಯಿಂದ ರಾಗಿಯನ್ನು ನಡುವಿನಿಂದ ಅಂಚಿಗೆ ತಳ್ಳತೊಡಗಿದರು. ಚಾಪೆಗಳ ಮೇಲೆ ಕಾಳು ಕಾಳೂ ಕಾಣುವಂತೆ ತೆಳ್ಳಗೆ ಹರಡಿದರು. ಆಮೇಲೆ ಖಾಲಿ ಚೀಲಗಳನ್ನು ಒಳಹೊರಗು ಮಾಡಿ, ಹೊಲಿಗೆಯ ಉದ್ದಕ್ಕೂ ಬೆರಳಾಡಿಸಿ ನೋಡಿದರು. ದಂಡೆಯ ಮೇಲೆ ನಗು ನಿಂತಿತ್ತು. ಚೀಲಗಳನ್ನು ನೀರಿನಲ್ಲಿ ಅದ್ದಿ ಬಂಡೆಗೆ ಹಾಕಿ ಎದ್ದರು.

"ಹಸ ನಡೀಲಿ," ಎಂದರು.

ಅಜ್ಜಿ ದೋಣಿಯಲ್ಲಿ ಬಂದು ಬಾಗಿಲ ಬಳಿ ಕಾಯುತ್ತಿದ್ದಳು. ಹಸು ಹೊಸ್ತಿಲಿನವರೆಗೆ ಬಂದು ನಿಂತುಬಿಟ್ಟಿತು. ಅವ್ವ ಎಳೆದಳು, ಬೈದಳು, ಬೆಲ್ಲ ತೋರಿಸಿದಳು. ಅದು ಕಿವಿ ಹಿಂದಕ್ಕೆ ಮಾಡಿಕೊಂಡು ನಿಂತೇ ಇತ್ತು. "ಮೂಕಪ್ರಾಣೀಗೂ ಗೊತ್ತಾಯ್ತದೆ," ಎಂದು ಹಿಂದೆ ಯಾರೋ ಮೆಲ್ಲಗೆ ಹೇಳಿದರು. ನಾನು ಅತ್ತೆಯ ಮುಖ ನೋಡುವ ಧೈರ್ಯ ಮಾಡಲಿಲ್ಲ. ಆಗ ಕರು ನಮ್ಮೆಲ್ಲರ ಕಾಲಿನ ನಡುವೆ ನುಸುಳಿ ಒಳಗೆ ಹೋಯಿತು. ಒಲೆಯ ಪಕ್ಕದ ಹುಲ್ಲನ್ನು ನಾನು ಕಿತ್ತಿರಲಿಲ್ಲ, ಅದು ಕಣ್ಣಿಗೆ ಬಿದ್ದಿರಬೇಕು. ಕರು ಕಾಣದಾದೊಡನೆ ಹಸು ಒಮ್ಮೆ ಅಂಬಾ ಎಂದು ಒಳಗೆ ನುಗ್ಗಿತು. ಅಜ್ಜಿ ಅದರ ಹಿಂದೆಯೇ ಹೋದವಳು ಮಗ ಮಲಗಿದ್ದ ಜಾಗಕ್ಕೆ ಬಂದಾಗ ನಿಂತಳು. ಗೋಡೆ ಹಿಡಿದುಕೊಂಡು ಸ್ವಲ್ಪ ಹೊತ್ತು ಇದ್ದು, ಕಣ್ಣೊರೆಸಿಕೊಂಡು, ಹಾಲುಕ್ಕಿಸಲು ಒಲೆ ಹಚ್ಚಿದಳು.

ಹಾಲು ಉಕ್ಕುವವರೆಗೆ ಅತ್ತೆ ಮನೆ ನೋಡಿದರು. ಗೋಡೆಯ ಬುಡ ನೋಡಿದರು, ಅಟ್ಟ ಹತ್ತಿದರು. ನನ್ನಂತೆಯೇ ಮೂಲೆ ಸವರಿ ಬೆರಳು ಮೂಸಿದರು. ಮಗಳು ಕರುವಿನ ಹತ್ತಿರ ನಿಂತಿದ್ದಳು, ನನ್ನ ಹತ್ತಿರ ಇನ್ನೂ ಬಂದಿರಲಿಲ್ಲ. ದೀಪಾವಳಿ ಮುಗಿಸಿಕೊಂಡು ಅತ್ತೆ ಹೊರಟರು. ಗಾಡಿ ಹತ್ತುವ ಮುಂಚೆ ಮಗುವಿನ ಬಟ್ಟೆಯ ಗಂಟನ್ನು ನನ್ನ ಕೈಯಲ್ಲಿಟ್ಟರು.

"ಅಳಿಯಂದ್ರೇ, ಈ ಊರಲ್ಲೂ ಇಲಿ ಬೀಳೋ ದಿನ ಬತ್ತದೆ. ಅವತ್ತು ಮಗೂನ ಮಾತ್ರ ಎತ್ಕೊಂಡು ಹೊರಡಿ. ಬ್ಯಾರೆ ಏನೂ ಮುಟ್ಬ್ಯಾಡಿ."

ಆ ದಿನ ಬಂತು. ಮಗಳು ಶಾಲೆಗೆ ಬರತೊಡಗಿದ ವರ್ಷ ಪೇಟೆ ಬೀದಿಯಲ್ಲಿ ಇಲಿ ಬಿದ್ದವು. ನಮ್ಮ ಮನೆಯಲ್ಲಿ ಬಿದ್ದಿರಲಿಲ್ಲ, ಆದರೂ ಅಂದೇ ಹೊರಟೆವು. ಇಲಿ ಮೇಷ್ಟರನ್ನು ನೋಡಿ ಆ ಸಲ ಕಟ್ಟೆಯವರು ನಗಲಿಲ್ಲ. ಏನೇನು ತೆಗೆದುಕೊಂಡು ಹೋಗಬಹುದೆಂದು ಕೇಳಿದರು. ಅವ್ವ ಬಾಗಿಲಿಗೆ ಮುಳ್ಳಿಟ್ಟು, ಒಂದು ಸಲ ರಾಗಿಯ ಕಣಜವಿದ್ದ ಕಡೆ ತಿರುಗಿ ನೋಡಿದಳು. ಆಮೇಲೆ ಮೊಮ್ಮಗಳ ಕೈ ಹಿಡಿದು ಬರಿಗೈಯಲ್ಲಿ ದೋಣಿಯ ಕಡೆ ನಡೆದಳು.